ಮುತ್ತಿನ ಪರೀಕ್ಷೆ ಮತ್ತು ಶ್ರಾವಕರ ವಿವೇಕ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಶ್ರಾವಕ-ಶ್ರಾವಿಕಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)

  

ನಿನ್ನೆಯ ದಿನ ಇದೇ ಮಂಟಪದಲ್ಲಿ ಜನ್ಮಕಲ್ಯಾಣವು ವೈಭವದಿಂದ ನೆರವೇರಿತು. ಬಾಲತೀರ್ಥಂಕರನಿಗೆ ಶಚೀದೇವಿಯು ಆಭರಣಗಳನ್ನು ತೊಡಿಸುವ ದೃಶ್ಯವನ್ನು ನಾವೆಲ್ಲರೂ ಕಣ್ತುಂಬ ನೋಡಿದೆವು. ಇನ್ನು ದೀಕ್ಷಾಕಲ್ಯಾಣದಲ್ಲಿ ಅದೇ ಸ್ವಾಮಿಯು ಅವೆಲ್ಲವನ್ನೂ ಕಳಚಿ ಹೊರಡುವುದನ್ನೂ ನೋಡಲಿದ್ದೇವೆ. ಈ ಎರಡು ಕಲ್ಯಾಣಗಳ ನಡುವಿನ ಹೊತ್ತಿನಲ್ಲಿ ಆಭರಣದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ವಿದ್ವಾಂಸನಲ್ಲ. ನಲವತ್ತು ವರ್ಷಗಳ ಕಾಲ ಚಿನ್ನಬೆಳ್ಳಿಯ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕುಳಿತವನು. ಆದುದರಿಂದ ನನಗೆ ಪರಿಚಯವಿರುವ ಮುತ್ತಿನ ವಿಚಾರವನ್ನೇ, ಅದನ್ನು ಕೊಳ್ಳುವಾಗ ಪರೀಕ್ಷಿಸುವ ಬಗೆಯನ್ನೇ ಆರಿಸಿಕೊಂಡಿದ್ದೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಸಮಾಜದವರೇ ಆದ ಒಬ್ಬ ತಾಯಿಯವರು ಮಗಳ ಮದುವೆಗೆಂದು ನನ್ನಲ್ಲಿ ಒಂದೆಳೆ ಮುತ್ತಿನ ಸರವನ್ನು ಕೊಂಡರು. ಸಗಟು ವ್ಯಾಪಾರಿ ಅದನ್ನು "ಹಳೆಯ ಬಸ್ರಾ ಮುತ್ತು, ಮೊದಲನೆಯ ದರ್ಜೆ" ಎಂದು ಹೇಳಿ ನನಗೆ ಕೊಟ್ಟಿದ್ದನು. ಅವನು ಹೇಳಿದುದನ್ನೇ ನಾನು ಅವರಿಗೆ ಹೇಳಿದೆನು. ಕೆಲವು ವರ್ಷಗಳಾದ ಮೇಲೆ ಆ ಮಗಳು ಕಷ್ಟಕಾಲದಲ್ಲಿ ಸರವನ್ನು ಮಾರಲು ಹೋದಾಗ, ಪ್ರಯೋಗಶಾಲೆಯ ಕ್ಷಕಿರಣ ಪರೀಕ್ಷೆಯಲ್ಲಿ ಅವು ಸಿಹಿನೀರಿನ ಕೃಷಿಮುತ್ತುಗಳೆಂದು ತಿಳಿದುಬಂದಿತು. ತಾಯಿಯವರು ಅಂಗಡಿಗೆ ಬಂದರು. ಅವರು ಕೋಪಿಸಿಕೊಳ್ಳಲಿಲ್ಲ. "ನೀವು ಹೇಳಿದಿರಿ, ನಾವು ನಂಬಿದೆವು" ಎಂದಷ್ಟೇ ಹೇಳಿದರು. ಹಣವನ್ನು ಹಿಂದಿರುಗಿಸಿದೆನು. ಆದರೆ ಆ ಹೆಣ್ಣುಮಗಳಿಗೆ ಹಣ ಬೇಕಾಗಿದ್ದ ಗಳಿಗೆ ಅಷ್ಟರಲ್ಲಿ ಕಳೆದುಹೋಗಿತ್ತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ತಿಳಿಯದೆ ಆಡಿದ ಮಾತೂ ಮಾತೇ ಎಂಬುದು ಅಂದು ಮನದಟ್ಟಾಯಿತು. ಮುತ್ತಿನ ಬಗೆಗೆ ಓದಲು, ತಿಳಿದವರಲ್ಲಿ ಕೇಳಲು ತೊಡಗಿದುದು ಅಂದಿನಿಂದಲೇ.

ಹಿಂದಿನವರ ಪರೀಕ್ಷೆ

ಮುತ್ತನ್ನು ಪರೀಕ್ಷಿಸಿ ದರ್ಜೆ ಕಟ್ಟುವ ವಿದ್ಯೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುತ್ತು ದೊರೆಯುವ ತಾಮ್ರಪರ್ಣಿ, ಪಾಂಡ್ಯಕವಾಟ ಮೊದಲಾದ ಸ್ಥಳಗಳನ್ನು ಹೇಳಿ, ಅನಂತರ ಅದರ ಗುಣದೋಷಗಳನ್ನು ಎಣಿಸಲಾಗಿದೆ. ದಪ್ಪನಾಗಿರಬೇಕು, ಗುಂಡಾಗಿರಬೇಕು, ಇಟ್ಟಲ್ಲಿ ನಿಲ್ಲದೆ ಉರುಳಬೇಕು, ಹೊಳೆಯಬೇಕು, ಬಿಳುಪಾಗಿರಬೇಕು, ಕೈಗೆ ತೂಕವೆನಿಸಬೇಕು, ನುಣುಪಾಗಿರಬೇಕು, ರಂಧ್ರವು ಸರಿಯಾದ ಸ್ಥಾನದಲ್ಲಿರಬೇಕು ಎಂಬುವು ಅಲ್ಲಿನ ಗುಣಗಳು. ಅವಳಿಯಾಗಿ ಅಂಟಿಕೊಂಡದ್ದು, ಅರ್ಧಚಂದ್ರಾಕಾರದ್ದು, ಒರಟಾದದ್ದು, ಕಲೆಬಿದ್ದದ್ದು, ರಂಧ್ರ ತಪ್ಪಿದ್ದು ದೋಷಯುಕ್ತವಾದುವು.

ನಮ್ಮ ಸಮಾಜಕ್ಕೆ ಹೆಮ್ಮೆಯ ಸಂಗತಿಯೊಂದಿದೆ. ಅಲ್ಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ ದೆಹಲಿಯಲ್ಲಿ ಅಧಿಕಾರಿಯಾಗಿದ್ದ ಶ್ರೀಮಾಲ ಕುಲದ ಜೈನ ಠಕ್ಕುರ ಫೇರು ಎಂಬಾತನು ಕ್ರಿ.ಶ. 1315ರಲ್ಲಿ ರತ್ನಪರೀಕ್ಷೆಯನ್ನು ಕುರಿತು ಪ್ರಾಕೃತದಲ್ಲಿ ಗ್ರಂಥವೊಂದನ್ನು ರಚಿಸಿದನು. ಕನ್ನಡನಾಡಿನಲ್ಲಿಯೂ ಮುತ್ತಿನ ವ್ಯಾಪಾರಕ್ಕೆ ಕೊರತೆಯಿರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಅಲ್ಲಿನ ವರ್ತಕರು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿದ್ದಾನೆ. ಅಂದವಾದ ಗುಂಡುಮುತ್ತಿಗೆ "ಆಣಿಮುತ್ತು" ಎಂಬ ಹೆಸರನ್ನೇ ನಮ್ಮ ಭಾಷೆ ಇಟ್ಟುಕೊಂಡಿದೆ.

ಮುತ್ತು ಹುಟ್ಟುವ ಬಗೆ

ಸ್ವಾತಿಮಳೆಯ ಹನಿ ಸಿಂಪಿಯ ಬಾಯಿಗೆ ಬಿದ್ದು ಮುತ್ತಾಗುತ್ತದೆ ಎಂಬುದು ಹಿರಿಯರ ನಂಬಿಕೆ. ಕವಿಗಳಿಗೆ ಅದು ಒಪ್ಪುತ್ತದೆ. ನಿಜವಾಗಿ ನಡೆಯುವುದು ಬೇರೆ. ಚಿಪ್ಪಿನೊಳಗಿನ ಜೀವಿಯ ಹೊದಿಕೆಯಂಥ ಅಂಗಕ್ಕೆ ಪರೋಪಜೀವಿಯಿಂದಲೋ ಗಾಯದಿಂದಲೋ ಬಾಧೆಯುಂಟಾದಾಗ, ಆ ಅಂಗದ ಕಣಗಳು ಒಂದು ಚೀಲದಂತೆ ಸುತ್ತಿಕೊಂಡು, ಚಿಪ್ಪಿನ ಒಳಮೈಗೆ ಬಳಿಯುವ ವಸ್ತುವನ್ನೇ ಪದರಪದರವಾಗಿ ಸುರಿಸುತ್ತವೆ. ಆ ಪದರಗಳು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ತೆಳುವಾದ ಹಲ್ಲೆಗಳು. ಬೆಳಕು ಅವುಗಳ ನಡುವೆ ಹೊಕ್ಕು ಹೊರಬರುವಾಗ ಮುತ್ತಿನ ಆ ಆಳವಾದ ಕಾಂತಿ ಹುಟ್ಟುತ್ತದೆ.

ತಾನಾಗಿಯೇ ಹೀಗೆ ಹುಟ್ಟಿದುದು ಸಹಜಮುತ್ತು. ಮನುಷ್ಯನು ಚಿಪ್ಪನ್ನು ತೆರೆದು ಒಂದು ಮಣಿಯನ್ನೋ ಅಂಗದ ತುಣುಕನ್ನೋ ಸೇರಿಸಿ ಬೆಳೆಸಿದುದು ಕೃಷಿಮುತ್ತು. ಇದು ನಕಲಿಯಲ್ಲ, ಇದರ ಮೇಲ್ಪದರವೂ ಜೀವಿಯೇ ಕಟ್ಟಿದುದು. ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಅರ್ಧಗೋಲದ ಕೃಷಿಮುತ್ತನ್ನು ಪಡೆದನು. ಮುಂದಿನ ಎರಡು ಮೂರು ದಶಕಗಳಲ್ಲಿ ಪೂರ್ಣಗೋಲದ ಮುತ್ತೂ ಸಾಧ್ಯವಾಯಿತು. ನಮ್ಮ ದೇಶದಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ತೂತುಕುಡಿಯಲ್ಲಿ ಇದನ್ನು ಸಾಧಿಸಿದರು. ಅದೇ ತೂತುಕುಡಿಯ ಸಮುದ್ರದಲ್ಲಿ ಶತಮಾನಗಳಿಂದ ನಡೆದು ಬಂದಿದ್ದ ಸಹಜಮುತ್ತಿನ ಮುಳುಗು 1961ರ ವೇಳೆಗೆ ನಿಂತುಹೋಗಿತ್ತು.

ಈ ಬದಲಾವಣೆಯಿಂದ ಬೆಲೆಯಲ್ಲಿ ಆದ ಏರಿಳಿತಕ್ಕೆ ಒಂದು ನಿದರ್ಶನ ಸಾಕು. 1917ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಟಿಯೆ ಎಂಬ ಆಭರಣ ಸಂಸ್ಥೆಯು ಹತ್ತು ಲಕ್ಷ ಡಾಲರಿನ ಬೆಲೆ ಕಟ್ಟಿದ್ದ ಎರಡೆಳೆಯ ಸಹಜಮುತ್ತಿನ ಹಾರವನ್ನೂ ನೂರು ಡಾಲರನ್ನೂ ಕೊಟ್ಟು ಒಂದು ಮಹಲನ್ನೇ ಪಡೆಯಿತು. 1957ರಲ್ಲಿ ಆ ಹಾರ ಹರಾಜಾದಾಗ ಬಂದುದು ಒಂದೂವರೆ ಲಕ್ಷ ಡಾಲರಿನಷ್ಟು ಮಾತ್ರ. ಮುತ್ತನ್ನು ಆಸ್ತಿಯೆಂದು ಭಾವಿಸಿ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ದರ್ಜೆಯ ಅಕ್ಷರಗಳು

ಈಗ ಅಂಗಡಿಗೆ ಬರೋಣ. ಮುತ್ತಿನ ಸರಕ್ಕೆ ಕಟ್ಟಿದ ಚೀಟಿಯ ಮೇಲೆ "ಎ", "ಎಎ", "ಎಎಎ" ಎಂಬ ಅಕ್ಷರಗಳಿರುತ್ತವೆ. ಮೂರು ಎ ಇದ್ದರೆ ಶ್ರೇಷ್ಠವೆಂದು ನಾವು ನಂಬುತ್ತೇವೆ. ಆದರೆ ಈ ಅಕ್ಷರಗಳಿಗೆ ಸರ್ವಸಮ್ಮತವಾದ ಅಳತೆಗೋಲು ಇಲ್ಲ. ಒಬ್ಬ ವ್ಯಾಪಾರಿಯ ಮೂರು ಎ ಮತ್ತೊಬ್ಬನ ಒಂದು ಎ ಆಗಬಹುದು; ಕೆಲವರು ನಾಲ್ಕು ಎಗಳನ್ನೂ ಬರೆಯುತ್ತಾರೆ. ತಾಹಿತಿಯ ಕಪ್ಪುಮುತ್ತುಗಳಿಗೆ ಎ ಯಿಂದ ಡಿ ವರೆಗಿನ ಬೇರೊಂದು ಕ್ರಮವಿದೆ. ಚಿನ್ನಕ್ಕೆ ಹಾಲ್‌ಮಾರ್ಕ್ ಇದೆಯಲ್ಲವೇ ಎಂದು ಕೇಳಬಹುದು. 2021ರಿಂದ ನಮ್ಮಲ್ಲಿ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿದುದು ನಿಜ. ಆದರೆ ಆ ಮುದ್ರೆ ಚಿನ್ನದ ಶುದ್ಧತೆಯನ್ನು ಮಾತ್ರ ಹೇಳುತ್ತದೆ. ಅದರಲ್ಲಿ ಕೂಡಿಸಿದ ಮುತ್ತಿನ ಬಗೆಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಹಾಗಾದರೆ ನಂಬತಕ್ಕದ್ದು ಯಾವುದನ್ನು? ಅಕ್ಷರವನ್ನಲ್ಲ, ಗುಣಗಳನ್ನು. 1931ರಲ್ಲಿ ಸ್ಥಾಪಿತವಾದ ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯು ಮುತ್ತಿಗೆ ಏಳು ಗುಣಗಳನ್ನು ಹೇಳುತ್ತದೆ: ಗಾತ್ರ, ಆಕಾರ, ಬಣ್ಣ, ಹೊಳಪು, ಮೈ, ಪದರ ಮತ್ತು ಹೊಂದಿಕೆ. ಕೌಟಿಲ್ಯನ ಪಟ್ಟಿಯೊಡನೆ ಇದನ್ನು ಹೋಲಿಸಿದರೆ ಎರಡು ಸಾವಿರ ವರ್ಷಗಳಲ್ಲಿ ಮನುಷ್ಯನ ಕಣ್ಣು ಬಹಳವಾಗಿ ಬದಲಾಗಿಲ್ಲವೆಂದು ತೋರುತ್ತದೆ.

ಏಳು ಗುಣಗಳು

ಇವುಗಳಲ್ಲಿ ಮೊದಲು ನೋಡಬೇಕಾದುದು ಹೊಳಪು. ಬಿಳಿಯ ಬಟ್ಟೆಯ ಮೇಲೆ ಸರವನ್ನು ಹರಡಿ, ಸಾಧ್ಯವಾದರೆ ಅಂಗಡಿಯ ಬಾಗಿಲ ಬೆಳಕಿಗೆ ತಂದು ನೋಡಿರಿ. ಉತ್ತಮ ಮುತ್ತಿನಲ್ಲಿ ಕಿಟಕಿಯ ಸರಳುಗಳು ಗೆರೆ ಕೊರೆದಂತೆ ಪ್ರತಿಬಿಂಬಿಸುತ್ತವೆ. ಮಧ್ಯಮವಾದುದರಲ್ಲಿ ಅವು ಮಸುಕಾಗುತ್ತವೆ. ಕೀಳಾದುದರಲ್ಲಿ ಬಿಳಿಯ ಮಂಜಿನ ಹೊರತು ಏನೂ ಕಾಣದು. ಅಂಗಡಿಯ ಪ್ರಖರವಾದ ದೀಪದ ಕೆಳಗೆ ಎಲ್ಲ ಮುತ್ತುಗಳೂ ಸ್ವಲ್ಪ ಸುಂದರವಾಗಿಯೇ ಕಾಣುತ್ತವೆ. ಗಾತ್ರಕ್ಕೆ ಮರುಳಾಗಿ ಹೊಳಪನ್ನು ಬಿಟ್ಟುಕೊಡುವುದೇ ನಮ್ಮವರು ಹೆಚ್ಚಾಗಿ ಮಾಡುವ ತಪ್ಪು.

ಎರಡನೆಯದು ಪದರದ ದಪ್ಪ. ಮಣಿಯನ್ನಿಟ್ಟು ಬೆಳೆಸಿದ ಮುತ್ತನ್ನು ಬೇಗ ಹೊರತೆಗೆದರೆ ಮೇಲಿನ ಪದರ ತೆಳುವಾಗಿರುತ್ತದೆ. ಸರವನ್ನು ಬೆಳಕಿನ ಕೆಳಗೆ ನಿಧಾನವಾಗಿ ಉರುಳಿಸಿದಾಗ ಮುತ್ತು ಕಣ್ಣು ಮಿಟುಕಿಸಿದಂತೆ ಒಮ್ಮೆ ಬೆಳಗಿ ಒಮ್ಮೆ ಮಂಕಾದರೆ, ಒಳಗಿನ ಮಣಿ ಕಾಣಿಸುತ್ತಿದೆಯೆಂದು ತಿಳಿಯಬೇಕು. ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ರಂಧ್ರದ ಬಾಯನ್ನು ನೋಡಿದರೆ ಮಣಿಯೂ ಪದರವೂ ಕೂಡುವ ಗೆರೆ ಕಾಣುತ್ತದೆ. ಅಂಥ ಮುತ್ತು ಕೆಲವೇ ವರ್ಷಗಳಲ್ಲಿ ರಂಧ್ರದ ಬಳಿ ಸಿಪ್ಪೆ ಏಳುತ್ತದೆ. ಚೀನಾದ ಸಿಹಿನೀರಿನ ಮುತ್ತುಗಳಲ್ಲಿ ಹೆಚ್ಚಿನವು ಮಣಿಯಿಲ್ಲದೆ ಬೆಳೆದುವಾದ್ದರಿಂದ ಅವುಗಳಲ್ಲಿ ಈ ಭಯ ಕಡಿಮೆ.

ಮೂರನೆಯದು ಮೈ. ಗುಳಿ, ಗೀರು, ಗುಳ್ಳೆಗಳಿಲ್ಲದ ಮುತ್ತು ಅಪರೂಪ. ರಂಧ್ರದ ಪಕ್ಕದಲ್ಲಿ ಮರೆಯಾಗುವ ಒಂದು ಚುಕ್ಕೆಯಿಂದ ಹಾನಿಯಿಲ್ಲ. ಅದರಿಂದ ಬೆಲೆ ಇಳಿದರೆ ಕೊಳ್ಳುವವರಿಗೇ ಲಾಭ. ಆದರೆ ಬಿರುಕಿದ್ದರೆ ಬೇಡ. ನಾಲ್ಕನೆಯದು ಆಕಾರ. ಪೂರ್ಣಗೋಲಕ್ಕೆ ಬೆಲೆ ಹೆಚ್ಚು. ಅನಂತರ ಅಂಡಾಕಾರ, ಗುಂಡಿಯಾಕಾರ, ಹನಿಯಾಕಾರ, ಡೊಂಕುಮುತ್ತುಗಳು. ಓಲೆಗೆ ಗುಂಡಿಯಾಕಾರದ ಮುತ್ತು ಚೆನ್ನಾಗಿಯೇ ಒಪ್ಪುತ್ತದೆ.

ಐದನೆಯದು ಬಣ್ಣ. ಬಿಳಿ, ಕೆನೆ, ಹೊನ್ನು, ಬೂದು, ಕಪ್ಪು ಇವು ಮೈಬಣ್ಣಗಳು. ಅವುಗಳ ಮೇಲೆ ತೇಲುವ ಗುಲಾಬಿಯ ಅಥವಾ ಹಸುರಿನ ಛಾಯೆ ಬೇರೆ. ಬಣ್ಣ ಹುಟ್ಟಿನದೋ ಹಾಕಿದ್ದೋ ಎಂಬುದೇ ಇಲ್ಲಿನ ಪ್ರಶ್ನೆ. ಬಿಳಿಚಿಸುವುದು, ಬಣ್ಣ ಕಟ್ಟುವುದು ಇವೆಲ್ಲ ವ್ಯಾಪಾರದಲ್ಲಿ ನಡೆಯುತ್ತವೆ. ರಂಧ್ರದ ಬಾಯಲ್ಲಿ ಅಥವಾ ಸಣ್ಣ ಗುಳಿಗಳಲ್ಲಿ ಬಣ್ಣ ದಟ್ಟವಾಗಿ ಕೂಡಿದ್ದರೆ ಅದು ಹಾಕಿದ ಬಣ್ಣ. ಹೇಳಿ ಮಾರಿದರೆ ತಪ್ಪಿಲ್ಲ, ಮುಚ್ಚಿ ಮಾರಿದರೆ ಮೋಸ.

ಆರನೆಯದು ಗಾತ್ರ. ಸಹಜಮುತ್ತಿನ ಹಳೆಯ ವ್ಯಾಪಾರದಲ್ಲಿ ತೂಕವನ್ನು ಅದರಿಂದಲೇ ಗುಣಿಸಿ ಬೆಲೆ ಕಟ್ಟುವ ಪದ್ಧತಿಯಿದೆ. ಗ್ರೇನ್ ಎಂಬ ಅಳತೆ ಒಂದು ಕ್ಯಾರಟಿನ ಕಾಲುಭಾಗ. ಮೂಲಬೆಲೆ 100 ರೂಪಾಯಿ ಎಂದಿಟ್ಟುಕೊಂಡರೆ 2 ಗ್ರೇನಿನ ಮುತ್ತಿಗೆ 400 ರೂಪಾಯಿ, 4 ಗ್ರೇನಿನದಕ್ಕೆ 1600 ರೂಪಾಯಿ. ತೂಕ ಎರಡು ಪಟ್ಟಾದರೆ ಬೆಲೆ ನಾಲ್ಕು ಪಟ್ಟು. ಕೃಷಿಮುತ್ತನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಜಪಾನಿನ ಅಕೋಯಾ ಮುತ್ತುಗಳು ಸಾಮಾನ್ಯವಾಗಿ 9 ಮಿಲಿಮೀಟರಿನೊಳಗಿನವು. ದಕ್ಷಿಣ ಸಮುದ್ರದವು ಅದಕ್ಕಿಂತ ದೊಡ್ಡವು. ಆದುದರಿಂದ ಬೇರೆ ಬೇರೆ ಜಾತಿಗಳನ್ನು ಗಾತ್ರವೊಂದರಿಂದಲೇ ಹೋಲಿಸಬಾರದು. ಏಳನೆಯದು ಹೊಂದಿಕೆ. ಒಂದೇ ಹೊಳಪು, ಒಂದೇ ಬಣ್ಣ, ಒಂದೇ ಆಕಾರದ ಮುತ್ತುಗಳನ್ನು ಆಯ್ದು ಕೋಯುವುದೇ ದೊಡ್ಡ ಶ್ರಮ. ಸರದ ಬೆಲೆಯಲ್ಲಿ ಆ ಶ್ರಮದ ಪಾಲೂ ಇದೆ.

ನಕಲಿಯ ಪರೀಕ್ಷೆ

ಗಾಜಿನ ಅಥವಾ ಪ್ಲಾಸ್ಟಿಕ್ಕಿನ ನಕಲಿಯನ್ನು ಗುರುತಿಸಲು ಎರಡು ಮುತ್ತುಗಳನ್ನು ಒಂದಕ್ಕೊಂದು ಮೆಲ್ಲನೆ ಉಜ್ಜಿರಿ. ನಿಜವಾದುವು ನವಿರಾದ ಮರಳಿನಂತೆ ತರಿತರಿಯಾಗಿ ತೋರುತ್ತವೆ. ನಕಲಿಗಳು ಸಾಮಾನ್ಯವಾಗಿ ಜಾರುತ್ತವೆ. ರಂಧ್ರದ ಬಾಯಲ್ಲಿ ಬಣ್ಣದ ಲೇಪ ಸಿಪ್ಪೆಯೆದ್ದಿದ್ದರೆ ಅದು ನಕಲಿಯೆಂಬ ಸಂದೇಹ ಬಲವಾಗುತ್ತದೆ. ಆದರೆ ಸಹಜವೋ ಕೃಷಿಯೋ ಎಂಬುದನ್ನು ಕಣ್ಣಿನಿಂದಾಗಲಿ ಹಲ್ಲಿನಿಂದಾಗಲಿ ನಿಶ್ಚಯಿಸಲಾಗದು. ಅದಕ್ಕೆ ಪ್ರಯೋಗಶಾಲೆಯ ಕ್ಷಕಿರಣವೇ ಬೇಕು. "ನನ್ನ ಕಣ್ಣೇ ಸಾಕು" ಎನ್ನುವ ವ್ಯಾಪಾರಿಯನ್ನು ನಂಬಬೇಡಿರಿ. ನನ್ನ ಕಣ್ಣೂ ಹಾಗೆಯೇ ಹೇಳಿತ್ತು. ದುಬಾರಿಯ ಸಹಜಮುತ್ತನ್ನು ಪರೀಕ್ಷಾಪತ್ರವಿಲ್ಲದೆ ಕೊಳ್ಳುವುದು ಸರ್ವಥಾ ಸಲ್ಲದು. ಅಂತಾರಾಷ್ಟ್ರೀಯ ಆಭರಣ ಒಕ್ಕೂಟದ ನಿಯಮದಂತೆ ಬರಿಯ "ಮುತ್ತು" ಎಂದರೆ ಸಹಜಮುತ್ತು. ಬೆಳೆಸಿದುದಾದರೆ "ಕೃಷಿಮುತ್ತು" ಎಂದು ಹೇಳಲೇಬೇಕು.

ಆದಕಾರಣ ರಸೀದಿಯಲ್ಲಿ "ಮುತ್ತಿನ ಸರ ಒಂದು" ಎಂದು ಬರೆಸಿಕೊಂಡು ಬರಬೇಡಿರಿ. ಸಹಜವೋ ಕೃಷಿಯೋ, ಸಮುದ್ರದ್ದೋ ಸಿಹಿನೀರಿನದೋ, ಬಣ್ಣ ಹಾಕಿದೆಯೋ ಇಲ್ಲವೋ, ಗಾತ್ರವೆಷ್ಟು, ಎಣಿಕೆಯೆಷ್ಟು ಎಂಬಿಷ್ಟನ್ನು ಬರೆಸಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಮ್ಮ ಬೆಂಬಲಕ್ಕಿದೆ. ಆದರೆ ಕಾಗದವಿಲ್ಲದಿದ್ದರೆ ಕಾಯಿದೆಗೆ ತೋರಿಸಲು ಏನಿರುತ್ತದೆ? ಬರೆದುಕೊಡಲು ಹಿಂಜರಿಯುವವನ ಬಾಯಿಮಾತಿಗೆ ಹಣ ಕೊಡಬೇಡಿರಿ.

ಎರಡು ವ್ರತಗಳ ಪ್ರಶ್ನೆ

ಇನ್ನು ನಮ್ಮ ಸಮಾಜದವರು ಯೋಚಿಸಬೇಕಾದ ಎರಡು ಸಂಗತಿಗಳು. ಮೊದಲನೆಯದು ಮಾರುವವರಿಗೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಲ್ಲಿ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ, ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಕೀಳು ವಸ್ತುವನ್ನು ಮೇಲಿನದರಂತೆ ತೋರಿಸಿ ಮಾರುವುದೇ ಪ್ರತಿರೂಪಕ ವ್ಯವಹಾರ. ಇಲ್ಲದ ದರ್ಜೆಯನ್ನು ಚೀಟಿಯ ಮೇಲೆ ಬರೆಯುವುದು ಅದಲ್ಲದೆ ಮತ್ತೇನು? ಮಾರುವ ವಸ್ತುವನ್ನು ಅರಿಯುವುದು ವರ್ತಕನ ಕರ್ತವ್ಯ. "ನನಗೆ ತಿಳಿದಿರಲಿಲ್ಲ" ಎಂಬುದು ಪೂರ್ಣ ಉತ್ತರವಾಗದು. ಈ ಮಾತನ್ನು ಇತರರಿಗಿಂತ ಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಎರಡನೆಯದು ಕೊಳ್ಳುವವರಿಗೆ, ಮತ್ತು ಇದು ಇನ್ನೂ ಕಠಿನವಾದುದು. ಶಂಖ, ಸಿಂಪಿಗಳು ಸ್ಪರ್ಶ ಮತ್ತು ರಸನೆಗಳುಳ್ಳ ದ್ವೀಂದ್ರಿಯ ಜೀವಗಳೆಂದು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಹಿಂದೆ ಕೆಲವು ಮುತ್ತುಗಳಿಗಾಗಿ ರಾಶಿರಾಶಿ ಸಿಂಪಿಗಳನ್ನು ತೆರೆಯುತ್ತಿದ್ದರು. ಕೃಷಿಯಲ್ಲಿಯೂ, ಅಂಗದ ತುಣುಕಿಗಾಗಿ ಒಂದು ಜೀವಿಯನ್ನು ಬಲಿಗೊಡುತ್ತಾರೆ. ಅಕೋಯಾ ಮುತ್ತನ್ನು ತೆಗೆಯುವಾಗ ಸಿಂಪಿ ಸಾಯುತ್ತದೆ. ದಕ್ಷಿಣ ಸಮುದ್ರದ ಮತ್ತು ತಾಹಿತಿಯ ದೊಡ್ಡ ಸಿಂಪಿಗಳನ್ನು ಎರಡು ಮೂರು ಬಾರಿ ಬಳಸುವುದುಂಟು. ಕೊನೆಗೆ ಅವುಗಳಿಗೂ ಅದೇ ಗತಿ. "ಹಾಗಾದರೆ ನಕಲಿಯೇ ಲೇಸು" ಎನ್ನುವವರಿಗೂ ಒಂದು ಎಚ್ಚರಿಕೆ: ಗಾಜಿನ ಮಣಿಗೆ ಮೀನಿನ ಹೊರಪೊರೆಯಿಂದ ತೆಗೆದ ಲೇಪವನ್ನು ಬಳಿದು ಮುತ್ತಿನ ಹೊಳಪನ್ನು ತರುವ ಪದ್ಧತಿ ಹದಿನೇಳನೆಯ ಶತಮಾನದಿಂದ ಬಂದುದು. ಅಭ್ರಕದಂಥ ಖನಿಜದಿಂದ ಮಾಡಿದ ಲೇಪವೂ ಉಂಟು. ಕೇಳಿ ತಿಳಿದೇ ಕೊಳ್ಳಬೇಕು.

ಇದನ್ನು ಹೇಳುತ್ತಿರುವುದು ಯಾರ ಕೊರಳ ಸರವನ್ನೂ ದೂಷಿಸಲಿಕ್ಕಲ್ಲ. ಗೃಹಸ್ಥನ ವ್ರತ ಅಣುವ್ರತ. ಎಷ್ಟರಮಟ್ಟಿಗೆ ಎಂಬುದನ್ನು ಅವರವರೇ ಗುರುಗಳ ಸಮ್ಮುಖದಲ್ಲಿ ನಿರ್ಧರಿಸಬೇಕು. ಆದರೆ ತಿಳಿಯದೆ ಕೊಳ್ಳುವುದಕ್ಕೂ ತಿಳಿದು ನಿರ್ಧರಿಸುವುದಕ್ಕೂ ಅಂತರವಿದೆ. ಮುತ್ತಿಗೆ ಏಳು ಗುಣಗಳಾದರೆ, ಅದು ಹೇಗೆ ಬಂದಿತು ಎಂಬುದನ್ನು ಶ್ರಾವಕನು ಎಂಟನೆಯದಾಗಿ ಎಣಿಸಬೇಕು ಎಂಬುದು ನನ್ನ ವಿನಮ್ರ ಅಭಿಪ್ರಾಯ.

ಇರುವುದನ್ನು ಕಾಪಾಡುವುದು

ನಮ್ಮ ಮನೆಯ ಒಂದು ನಿರ್ಧಾರವನ್ನು ಹೇಳಿ ಮುಗಿಸುತ್ತೇನೆ. ಮೊಮ್ಮಗಳ ಮದುವೆ ಗೊತ್ತಾದಾಗ ಹೊಸ ಮುತ್ತಿನ ಸರದ ಮಾತು ಬಂದಿತು. ನನ್ನ ತಾಯಿಯವರ ಹಳೆಯ ಸರವೊಂದು ಪೆಟ್ಟಿಗೆಯಲ್ಲಿತ್ತು. ನೂಲು ಜೀರ್ಣವಾಗಿತ್ತು, ಕೆಲವು ಮುತ್ತುಗಳು ಹಳದಿಗಟ್ಟಿದ್ದವು. ಅವುಗಳನ್ನು ಬಿಡಿಸಿ, ಮೆತ್ತನೆಯ ಒದ್ದೆಬಟ್ಟೆಯಿಂದ ಒರಸಿ, ಮಂಕಾದುವನ್ನು ಹಿಂದಕ್ಕೆ ಸರಿಸಿ, ರೇಷ್ಮೆಯ ನೂಲಿನಲ್ಲಿ ಒಂದೊಂದು ಮುತ್ತಿಗೂ ಗಂಟು ಹಾಕಿಸಿ ಹೊಸದಾಗಿ ಕೋಯಿಸಿದೆವು. ಗಂಟಿದ್ದರೆ ನೂಲು ತುಂಡಾದರೂ ಮುತ್ತುಗಳೆಲ್ಲ ಚೆಲ್ಲುವುದಿಲ್ಲ, ಒಂದನ್ನೊಂದು ತಿಕ್ಕುವುದೂ ಇಲ್ಲ. ಏಳು ಗುಣಗಳಲ್ಲಿ ಹೊಂದಿಕೆಗೆ ಅದು ಅಷ್ಟಾಗಿ ನಿಲ್ಲದು. ಪರೀಕ್ಷಕರು ಕೆಳದರ್ಜೆ ಕೊಡಬಹುದು. ಮೊಮ್ಮಗಳು ಮಾತ್ರ, "ಅಜ್ಜಾ, ಮುತ್ತಜ್ಜಿಯ ಸರವೇ ಸಾಕು, ಬೇರೆ ಬೇಡ" ಎಂದಳು. ಹೊಸ ಸರದ ಹಣದಲ್ಲಿ ಒಂದು ಪಾಲನ್ನು ಆಹಾರದಾನಕ್ಕೆ ಕೊಟ್ಟೆವು.

ಮುತ್ತು ಬಹಳ ಮೃದು. ನಾಣ್ಯದ ಗೀರು ಸಹ ಅದಕ್ಕೆ ತಾಗಬಹುದು. ಬೆವರು, ಅತ್ತರು, ಹುಳಿ ಅದರ ವೈರಿಗಳು. ಎಲ್ಲ ಅಲಂಕಾರವಾದ ಮೇಲೆ ತೊಡಿರಿ, ಎಲ್ಲಕ್ಕಿಂತ ಮೊದಲು ತೆಗೆಯಿರಿ. ಮುಂದಿನ ದಿನಗಳ ಅಭಿಷೇಕದಲ್ಲಿ ಎಳನೀರು, ಕಬ್ಬಿನ ಹಾಲು, ಅರಿಸಿನದ ನೀರುಗಳು ಸಿಡಿಯುತ್ತವೆ. ಕಳಶ ಹಿಡಿಯುವ ತಾಯಂದಿರು ಮುತ್ತಿನ ಸರವನ್ನು ಮನೆಯಲ್ಲಿಟ್ಟು ಬರುವುದು ಲೇಸು. ಜಿನಬಿಂಬದ ಮುಂದೆ ಬರಿಗೊರಳಿನಲ್ಲಿ ನಿಂತರೆ ಕಡಿಮೆಯಾಗುವುದೇನೂ ಇಲ್ಲ.

 ನನ್ನ ಮಾತಿನಲ್ಲಿ ತಪ್ಪುಗಳಿದ್ದರೆ ಕ್ಷಮೆಯಿರಲಿ.

ಜೈ ಜಿನೇಂದ್ರ.